ಅತ್ತೆಯ ಮೊಣಕಾಲು, ಅಕ್ಕಲಕೋಟದ ಹುಡುಗಿ

ಪರದೆಯ ಆಚೆ ಅತ್ತೆ ನಗುತ್ತಿದ್ದರು. ಈಚೆ ನಾನು ಗೋಡೆಗೆ ಆನಿಸಿಟ್ಟ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರ ಚಪ್ಪಲಿ, ವಾಕರ್, ನೀರಿನ ಬಾಟಲಿ, ಎಕ್ಸ್‌ರೇ ಚೀಲ ಎಲ್ಲವನ್ನೂ ಕಾಯುತ್ತಿದ್ದೆ. ಪರದೆ ಎಂದರೆ ನಮ್ಮ ಸೊಲ್ಲಾಪುರದ ಚಾದರವೇ. ಕೆಂಪು ನೆಲದ ಮೇಲೆ ಬಿಳಿ ಹೂವಿನದು. ಚಾದರದ ವ್ಯಾಪಾರದ ಮನೆಯಲ್ಲಿ ಇಷ್ಟು ವರ್ಷ ಬಾಳಿದ ಮೇಲೆ ಅಂಚು ನೋಡಿದರೆ ಸಾಕು, ಮಾಲು ಎಂಥದು ಎಂದು ತಿಳಿಯುತ್ತದೆ. ಇದರಲ್ಲಿ ಒಂದು ಕಡೆ ಎಳೆ ತಪ್ಪಿತ್ತು. ತಪ್ಪಿದ ಆ ಎಳೆಯನ್ನು ನೋಡುತ್ತ ಒಳಗಿನ ಮಾತು ಕೇಳಿಸಿಕೊಳ್ಳುತ್ತಿದ್ದೆ.

"ಏ ಮೂಳಿ, ಕಾಲ ಕಿತ್ತ ನನ್ನ ಕೈಯಾಗ ಕೊಡ್ತಿ ಏನ?"

"ಬೈರಿ ಆಯಿ, ಬೈರಿ. ಬೈಯೂದ ಮುಗದ ಮ್ಯಾಲ ಒಂದೀಟ ಸೀದಾ ಮಾಡ್ರಿ."

"ನಿನ್ನ ಕೈಯಾಗಿನ ಕಸುವ ಹೋಗ್ಲಿ."

"ಹೋದ್ರ ನಿಮ್ಮನ್ನ ಯಾರ ನಡಸ್ತಾರ್ರಿ?"

ಮತ್ತೆ ಇಬ್ಬರೂ ನಕ್ಕರು.

ನನಗೆ ಅತ್ತೆ ಎಂದೂ ಬೈದವರಲ್ಲ. ಇದನ್ನು ನಾನು ತವರಿನಲ್ಲಿ, ಮದುವೆ ಮುಂಜಿಗಳಲ್ಲಿ, ಓಣಿಯ ಹೆಂಗಸರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. "ನಮ್ಮ ಅತ್ತಿ ನನಗ ಒಂದ ಮಾತ ಅಂದಿಲ್ರಿ" ಎಂದರೆ ಅವರೆಲ್ಲ ನನ್ನನ್ನು ಪುಣ್ಯವಂತೆ ಎನ್ನುತ್ತಿದ್ದರು. ಅಕ್ಕಲಕೋಟದ ಕ್ಲಿನಿಕ್ಕಿನ ಆ ಕುರ್ಚಿಯಲ್ಲಿ ಕೂತಾಗ ಮಾತ್ರ ಮನಸ್ಸಿನೊಳಗೆ ಏನೋ ಚುರ್ರೆಂದಿತು. ಬೈಸಿಕೊಳ್ಳುವ ಆ ಹುಡುಗಿ ಅಡುಗೆಮನೆಯವರೆಗೆ ಹೋದವಳು, ಬೈಸಿಕೊಳ್ಳದ ನಾನು ಇನ್ನೂ ಪಡಸಾಲೆಯಲ್ಲಿ ಕೂತವಳು ಎನ್ನಿಸಿತು.

ಆ ಹುಡುಗಿ ಫಿಸಿಯೋಥೆರಪಿಸ್ಟ್. ಅತ್ತೆಯ ಬಲಗಾಲಿನ ಮೊಣಕಾಲು ಬದಲಿಸುವ ಆಪರೇಷನ್ ಸೊಲ್ಲಾಪುರದ ಒಂದು ಆಸ್ಪತ್ರೆಯಲ್ಲಿ ಆದಾಗ ಅವಳು ಅಲ್ಲಿ ಕೆಲಸಕ್ಕಿದ್ದಳು. ಮೂವತ್ತರ ಆಚೀಚೆಯ ವಯಸ್ಸು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಎಡಗೈಗೆ ಗಂಡಸರ ಗಡಿಯಾರ.

ಅವಳ ವಿಷಯಕ್ಕೆ ಬರುವ ಮೊದಲು ನನ್ನ ಸ್ಥಾನವೇನಿತ್ತು ಎಂದು ಹೇಳಬೇಕು. ನಮ್ಮದು ದೊಡ್ಡ ಮನೆತನ. ಸೊಲ್ಲಾಪುರದ ಪೇಟೆಯಲ್ಲಿ ಅಂಗಡಿ, ಬೋರಾಮಣಿಯಲ್ಲಿ ಒಬ್ಬ ನಾದಿನಿ, ಅಕ್ಕಲಕೋಟದ ಕಡೆ ಇನ್ನೊಬ್ಬಳು, ಹುಲಜಂತಿಯಲ್ಲಿ ಅತ್ತೆಯ ತವರು. ಇವರಲ್ಲಿ ಯಾರಿಗೆ ಏನು ಬೇನೆ ಬಂದರೂ ದವಾಖಾನೆಗೆ ಜೊತೆಯಲ್ಲಿ ನಾನು ಹೋಗಬೇಕು. "ಆಕಿ ಸಿಸ್ಟರ್ ಸಾಲ್ಯಾಗ ಕಲತಾಳ, ಡಾಕ್ಟರಗೋಳ ಸಂಗಾಟ ಇಂಗ್ಲೀಷನ್ಯಾಗ ಮಾತಾಡ್ತಾಳ" ಎಂದು ಎಲ್ಲರೂ ನನ್ನನ್ನು ಮುಂದೆ ಮಾಡುತ್ತಿದ್ದರು. ಸಿಸ್ಟರ್ ಸಾಲಿ ಎಂದರೆ ನಾನು ಕಲಿತ ಕ್ರೈಸ್ತ ಸನ್ಯಾಸಿನಿಯರ ಶಾಲೆ.

ಅತ್ತೆಗೆ ಭಾಷೆ ಬರುವುದಿಲ್ಲ ಎಂದಲ್ಲ. ತರಕಾರಿಯವಳ ಜೊತೆ ಮರಾಠಿಯಲ್ಲಿ ಜಗಳ ತೆಗೆದು ಕೊತ್ತಂಬರಿ ಪುಕ್ಕಟೆ ಹಾಕಿಸಿಕೊಂಡು ಬರುವವರು ಅವರು. ಆದರೆ ಡಾಕ್ಟರ ಮುಂದೆ ಕೂತ ಕೂಡಲೇ ತಲೆಯ ಮೇಲೆ ಸೆರಗು ಎಳೆದುಕೊಂಡು ನನ್ನ ಮುಖ ನೋಡುತ್ತಿದ್ದರು. ಅದು ನಮ್ಮವರ ಪದ್ಧತಿಯೇ. ದವಾಖಾನೆಯಲ್ಲಿ ಬೇನೆಯವರು ಮಾತಾಡುವುದಿಲ್ಲ, ಜೊತೆಗೆ ಬಂದವರು ಮಾತಾಡುತ್ತಾರೆ. ಬೇನೆಯವರೇ ಬಾಯಿಬಿಟ್ಟರೆ ಬೇನೆ ಅಷ್ಟೇನು ದೊಡ್ಡದಿಲ್ಲ ಎಂದು ಡಾಕ್ಟರು ತಿಳಿದಾರು ಎಂಬ ಹೆದರಿಕೆಯೂ ಇದ್ದೀತು. ಆಪರೇಷನ್ ಮಾಡಿದ ಡಾಕ್ಟರು ಮರಾಠಿಯವರು, ಒಳ್ಳೆಯವರು. ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು, ನಡುನಡುವೆ ಅತ್ತೆಯ ಮೊಣಕಾಲು ನೋಡುತ್ತಿದ್ದರು. ಅತ್ತೆಯ ಮುಖ ಆ ಎರಡರ ನಡುವೆ ಎಲ್ಲೋ ಉಳಿದುಬಿಡುತ್ತಿತ್ತು. ನನಗೆ ಅದು ಸರಿಯಲ್ಲ ಎನ್ನಿಸಿದ್ದೇ ಇಲ್ಲ. ಹೊರಗೆ ಬಂದ ಮೇಲೆ ಎಲ್ಲರೂ ನನ್ನ ಸುತ್ತ ನಿಂತು "ಏನಂದ್ರ, ಏನಂದ್ರ" ಎಂದು ಕೇಳುವಾಗ ಸಿಗುತ್ತಿದ್ದ ಆ ಗಳಿಗೆ ನನಗೆ ಪ್ರಿಯವಾಗಿತ್ತು.

ಆಪರೇಷನ್ನಿನ ಮರುದಿನ ಈ ಹುಡುಗಿ ಕೋಣೆಗೆ ಬಂದಳು. ಅತ್ತೆಗೆ ರಾತ್ರಿಯೆಲ್ಲ ಹೇಗಿತ್ತು ಎಂದು ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. ಅವಳು ಕೊನೆಯವರೆಗೆ ಕೇಳಿದಳು. ಆಮೇಲೆ ಕನ್ನಡದಲ್ಲಿ, "ಅಕ್ಕಾರ, ನೀವ ರಾತ್ರಿಯಿಂದ ಕೂತೀರಿ. ಕೆಳಗ ಹೋಗಿ ಚಹಾ ಕುಡದ ಬರ್ರಿ" ಎಂದಳು. ನಾನು ಬಾಗಿಲು ದಾಟುವ ಮೊದಲೇ ಅತ್ತೆಯ ಮಂಚದ ಅಂಚಿನಲ್ಲಿ ಕೂತು, "ಈಗ ನೀವ ಹೇಳ್ರಿ ಆಯಿ" ಎಂದದ್ದು ಕೇಳಿಸಿತು. ಚಹಾ ಕುಡಿದು ಬರುವಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದರು. ಒಂದು ಕೈ ವಾಕರ್ ಮೇಲೆ, ಇನ್ನೊಂದು ಅವಳ ಹೆಗಲ ಮೇಲೆ. ಅವಳ ಬಿಳಿ ಕೋಟಿನ ಹೆಗಲಿಗೆ ಅತ್ತೆಯ ಕೈಯ ಎಣ್ಣೆ ಹತ್ತಿ ಬೆರಳು ಬೆರಳಾಗಿ ಕಲೆ ಮೂಡಿತ್ತು.

ಅತ್ತೆ ಮನೆಗೆ ಬರುವ ಹೊತ್ತಿಗೆ ಅವಳು ಆ ಕೆಲಸ ಬಿಟ್ಟು ತನ್ನ ಊರು ಅಕ್ಕಲಕೋಟದಲ್ಲಿ, ತಂದೆಯ ಮನೆಯ ಮುಂದಿನ ಕೋಣೆಯಲ್ಲಿ ಸ್ವಂತ ಕ್ಲಿನಿಕ್ ತೆಗೆದಳು. ಮನೆಗೆ ಬಂದು ವ್ಯಾಯಾಮ ಮಾಡಿಸಲು ನಾವು ಬೇರೊಬ್ಬರನ್ನು ಗೊತ್ತುಮಾಡಿದೆವು. ಅವರು ಸಭ್ಯರು, ಹೇಳಿದ ವೇಳೆಗೆ ಬರುವವರು. ಅತ್ತೆ ಅವರ ಮುಂದೆ ಸೀರೆಯನ್ನು ಪಾದದವರೆಗೆ ಎಳೆದು ಕೂತರು. ಕಾಲು ತೋರಿಸಲೇ ಇಲ್ಲ.

"ಅಕ್ಕಲಕೋಟಕ್ಕ ಹೋಗೂಣು" ಎಂದರು ಅಂದು ಊಟಕ್ಕೆ ಕೂತಾಗ.

"ಅಷ್ಟ ದೂರ?" ಎಂದರು ನನ್ನ ಗಂಡ. "ಇಲ್ಲೇ ಗಲ್ಲಿಗೊಂದ ದವಾಖಾನಿ ಅದಾವಲ್ಲಬೇ."

"ಹಂಗಾರ ಬಿಡು, ಕುಂಟಕೋತ ಇರ್ತೀನಿ. ಕುಂಟಿ ತಾಯಿ ಅಂತ ನಿನಗ ಹೆಸರ ಬರ್ತದ."

ಅಲ್ಲಿಗೆ ಆ ಮಾತು ಮುಗಿಯಿತು. ಸೋಮವಾರಕ್ಕೊಮ್ಮೆ, ಗುರುವಾರಕ್ಕೊಮ್ಮೆ ಚಿಕ್ಕ ಕಾರಿನಲ್ಲಿ ನಾನೇ ಅವರನ್ನು ಕರೆದುಕೊಂಡು ಹೊರಟೆ. ಗುರುವಾರ ಅಕ್ಕಲಕೋಟಕ್ಕೆ ಹೋಗುವವರೆಲ್ಲ ಸ್ವಾಮಿಗಳ ದರ್ಶನಕ್ಕೆ ಹೋಗುವವರೇ. ಎದುರು ಮನೆಯವರು ಮಹಡಿಯ ಗ್ಯಾಲರಿಯಿಂದ ಬಗ್ಗಿ, "ದರ್ಶನಕ್ಕ ಹೊಂಟ್ರೇನ್ರಿ? ಪುಣ್ಯಾ ಮಾಡೀರಿ ಬಿಡ್ರಿ" ಎನ್ನುವರು. ಅತ್ತೆ ಸುಳ್ಳು ಹೇಳುವವರಲ್ಲ. "ಹೂಂ, ದರ್ಶನಕ್ಕ" ಎಂದು ಕಾರು ಹತ್ತುವರು. ಯಾರ ದರ್ಶನ ಎಂದು ಅವರು ಹೇಳುತ್ತಿರಲಿಲ್ಲ, ಆದರೆ ಟ್ರಂಕಿನಿಂದ ತೆಗೆದ ಇಳಕಲ್ ಸೀರೆ ಹೇಳುತ್ತಿತ್ತು. ನನ್ನ ಜೊತೆ ಆಸ್ಪತ್ರೆಗೆ ಬರುವಾಗ ಅವರು ಉಡುತ್ತಿದ್ದದ್ದು ಮನೆಯಲ್ಲಿ ಉಟ್ಟ ಸೀರೆಯನ್ನೇ.

ಅವರಿಬ್ಬರ ಮಾತು ನನಗೆ ತುಂಡು ತುಂಡಾಗಿ ಸಿಗುತ್ತಿತ್ತು. ಚಾದರದ ಆಚೆ ಮನೆಯವರಿಗೆ ಪ್ರವೇಶವಿರಲಿಲ್ಲ. ಅವಳ ನಿಯಮ ಅದು. ಜೊತೆಗೆ ಬಂದವರು ಯಾರೇ ಇರಲಿ, ಹೊರಗೆ. ಒಮ್ಮೆ ಒಬ್ಬ ಗಂಡಸು, ಹೆಂಡತಿಯ ಸೊಂಟದ ನೋವಿಗೆ ಬಂದವನು, "ನಾ ಇಲ್ಲಂದ್ರ ಆಕಿಗೆ ಏನ ಹೇಳಬೇಕಂತ ತಿಳಿಯಂಗಿಲ್ರಿ" ಎಂದ. "ಹಂಗಾರ ಆಕಿ ಸುಮ್ಮ ಮಲಗ್ಲಿ ಬಿಡ್ರಿ" ಎಂದು ಅವಳು ಚಾದರ ಎಳೆದಳು. ಆ ಮಾತು ನನಗೆ ಮೆಚ್ಚುಗೆಯಾಯಿತು. ಅದೇ ಚಾದರ ನನ್ನ ಮುಖಕ್ಕೂ ಎಳೆಯಲ್ಪಟ್ಟಿದೆ ಎಂದು ನೆನಪಾದೊಡನೆ ಮೆಚ್ಚುಗೆ ಇಳಿದುಹೋಯಿತು.

ಒಂದು ಸೋಮವಾರ ಒಳಗಿನಿಂದ ಅತ್ತೆಯ ಮಾತು ಕೇಳಿಸಿತು. "ಬೆನ್ನಿಗೆ ಒಣಗಿದ ಸೋರಿಬುರಡಿ ಕಟ್ಟಿ ನಮ್ಮಪ್ಪ ಬಾವ್ಯಾಗ ಒಗೀತಿದ್ದ. ನಾ ಹೆಂಗ ಈಜತಿದ್ದೆ ಅಂತಿ? ಗಂಡ ಹುಡುಗುರು ದಂಡಿಗೆ ನಿಂತ ನೋಡ್ತಿದ್ರು."

"ಕಾಲ ಹೆಂಗ ಬಡೀತಿದ್ರಿ ಆಯಿ, ಮಡಚೋ ಸೀದಾನೋ?"

"ಸೀದಾ. ಮಡಚಿದ್ರ ಮುಣಗ್ತಾರ, ಹುಚ್ಚಿ."

"ಹಂಗಾರ ಇದ ಬಾವಿ ಅಂತ ತಿಳೀರಿ. ಬಡೀರಿ ನೋಡೋಣ."

ಆಮೇಲೆ ಮಂಚದ ಮೇಲೆ ಧಪ್ ಧಪ್ ಎಂದು ಕಾಲು ಬಡಿಯುವ ಸಪ್ಪಳ ಕೇಳಿತು.

ನಮ್ಮ ಅತ್ತೆಗೆ ಈಜು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವರ ಸಕ್ಕರೆ ಎಷ್ಟು, ರಕ್ತದ ಒತ್ತಡ ಎಷ್ಟು, ಯಾವ ಮಾತ್ರೆಯಿಂದ ಹೊಟ್ಟೆ ಉರಿಯುತ್ತದೆ, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿದ್ದವು. ಹುಲಜಂತಿಯ ಬಾವಿಯಲ್ಲಿ ಸೋರೆಬುರುಡೆ ಕಟ್ಟಿಕೊಂಡು ಈಜಿದ ಹುಡುಗಿಯನ್ನು ನಾನು ಕಂಡಿರಲಿಲ್ಲ. ವಾಪಸು ಬರುವಾಗ ದಾರಿಯಲ್ಲಿ, "ಅತ್ತೀ, ನಿಮಗ ಈಜ ಬರ್ತದಂತ ಹೇಳೇ ಇಲ್ಲಲ್ರಿ" ಎಂದೆ. ನನ್ನನ್ನು ಮರಾಠಿಯವರಂತೆ ಬಾಳಾ, ಮಗೂ, ಎಂದೇ ಕರೆಯುವ ಅವರು ಹೊರಗೆ ಜೋಳದ ಹೊಲ ನೋಡುತ್ತ, "ಅದೇನ ಹೇಳೂ ಅಂಥಾದ್ದ ಬಾಳಾ" ಎಂದರು. ಅಷ್ಟೆ.

ಶೇಂಗಾ ಚಟ್ನಿಯದು ಇನ್ನೊಂದು ಕತೆ. ನಮ್ಮಲ್ಲಿ ಡಾಕ್ಟರ ಹತ್ತಿರ ಬರಿಗೈಯಲ್ಲಿ ಹೋಗುವುದಿಲ್ಲ. ಬುಧವಾರ ಸಂಜೆ ನಾನು ಕಲ್ಲಿನ ಒರಳಿನಲ್ಲಿ ಶೇಂಗಾ, ಬೆಳ್ಳುಳ್ಳಿ ಕುಟ್ಟುವಾಗ ಅತ್ತೆ ಮಂಚದ ಮೇಲಿಂದ, "ಬಳ್ಳೊಳ್ಳಿ ಮುಂದ ಇರ್ಲಿ, ಆಕಿಗೆ ಸೇರ್ತದ. ಖಾರ ಕಡಿಮಿ ಹಾಕು, ಆಕಿ ಹೊಟ್ಟಿಗೆ ಆಗಂಗಿಲ್ಲ" ಎನ್ನುತ್ತಿದ್ದರು. ಯಾರು ಯಾರ ಪೇಶಂಟು ಎಂದು ನನಗೆ ಅನುಮಾನವಾಗುತ್ತಿತ್ತು. ಗುರುವಾರ ಅವಳು ಡಬ್ಬಿ ತೆಗೆದು ಬೆರಳಿನಿಂದ ನೆಕ್ಕಿ, "ಆಯಿ, ನಿಮ್ಮ ಕೈಯಾಗ ಏನ ರುಚಿ ಅದ್ರಿ" ಎಂದರೆ ಅತ್ತೆ ನನ್ನ ಕಡೆ ನೋಡದೆ, "ಅಂಥಾದ್ದೇನ ಇಲ್ಲ ತಗೋ" ಎನ್ನುವರು. ಒರಳಿನ ಕೆಲಸಕ್ಕೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಆ ಕೈಯನ್ನು ನಾನು ಮಡಿಲಲ್ಲಿ ಮಡಚಿಟ್ಟುಕೊಂಡು ಕೂತೆ, ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದ ಹಾಗೆ.

ಇಷ್ಟೆಲ್ಲ ನಗು, ಈಜು, ಚಟ್ನಿಯ ನಡುವೆಯೂ ಕಾಲು ಸೀದಾ ಆಗಲಿಲ್ಲ. ಇದೇ ಯಾರಿಗೂ ಬಗೆಹರಿಯಲಿಲ್ಲ. ಆಸ್ಪತ್ರೆಯಲ್ಲಿ ಪೂರ್ತಿ ಚಾಚುತ್ತಿದ್ದ ಮೊಣಕಾಲು ಮನೆಗೆ ಬಂದ ಮೇಲೆ ಬಾಗುತ್ತ ಹೋಯಿತು. ಅಕ್ಕಲಕೋಟದಲ್ಲಿ ಅವಳು ಒತ್ತಿ ಒತ್ತಿ ಸೀದಾ ಮಾಡಿ ಕಳಿಸುವಳು. ಮುಂದಿನ ಸಲ ಹೋಗುವಷ್ಟರಲ್ಲಿ ಮತ್ತೆ ಬಾಗಿರುವುದು. ಮೊಣಕಾಲಿನ ಕೆಳಗೆ ದಿಂಬು ಇಡಲೇಬಾರದು ಎಂದು ಎಲ್ಲರೂ ಹೇಳಿದ್ದರು. ನಾನು ದಿಂಬು ತೆಗೆದಿಡುತ್ತಿದ್ದೆ. ಚಹಾ ಕೊಡಲು ಹೋದಾಗ ನೋಡಿದರೆ ದಿಂಬು ಮತ್ತೆ ಅಲ್ಲೇ, ಅದರ ಮೇಲೆ ಮಡಚಿದ ಕಾಲು.

"ನೋವಾಗ್ತದೇನ್ರಿ ಅತ್ತಿ?"

"ಹೂಂ. ನೋವು."

ನಾನು ಅದನ್ನೇ ಫೋನಿನಲ್ಲಿ ಡಾಕ್ಟರಿಗೆ ಹೇಳಿದೆ. ಅವರು ನೋವಿನ ಮಾತ್ರೆ ಹೆಚ್ಚಿಸಿದರು. ಅತ್ತೆಗೆ ಹಗಲೆಲ್ಲ ತೂಕಡಿಕೆ ಹತ್ತಿತು. ಕಾಲು ಮಾತ್ರ ಬಾಗಿದ್ದು ಬಾಗಿದ ಹಾಗೆಯೇ. ಮುಂದಿನ ತಪಾಸಣೆಯಲ್ಲಿ ಡಾಕ್ಟರು ಎಂದಿನಂತೆ ನನ್ನ ಕಡೆ ತಿರುಗಿ, ಮುಂದಿನ ಸಲದೊಳಗೆ ಸುಧಾರಿಸದಿದ್ದರೆ ಮತ್ತೆ ಬೇಹೋಶಿಯ ಸೂಜಿ ಕೊಟ್ಟು ಪ್ರಜ್ಞೆ ತಪ್ಪಿಸಿ ಕಾಲನ್ನು ಒತ್ತಿ ಸೀದಾ ಮಾಡಬೇಕಾದೀತು, ಈ ವಯಸ್ಸಿನಲ್ಲಿ ಅದು ಬೇಡವೆಂದೇ ತಮ್ಮ ಆಸೆ ಎಂದರು. ಹೊರಗೆ ಬಂದು ಅತ್ತೆಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಆಪರೇಷನ್ನಿನ ದಿನ ಎಚ್ಚರವಾಗುವ ಹೊತ್ತಿಗೆ ಸತ್ತ ಅಕ್ಕನ ಹೆಸರು ಹಿಡಿದು ಕರೆದವರು ಅವರು. "ಮತ್ತ ಆ ಸೂಜಿ ಬ್ಯಾಡ ಬಾಳಾ. ಈ ಸಲ ಏಳಂಗಿಲ್ಲ ನಾ" ಎಂದು ನನ್ನ ಮುಂಗೈ ಹಿಡಿದರು. ಇಷ್ಟು ಹೆದರಿದವರು ಮನೆಗೆ ಬಂದು ಮತ್ತೆ ದಿಂಬು ಇಟ್ಟುಕೊಂಡರು. ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಆ ಗುರುವಾರ ಚಾದರದ ಆಚೆ ನಗು ಇರಲಿಲ್ಲ. ಹುಡುಗಿ ನಿಧಾನವಾಗಿ ಕೇಳುತ್ತಿದ್ದಳು.

"ಆಯಿ, ಇಲ್ಲಿ ಸೀದಾ ಆಗ್ತದ, ಮನ್ಯಾಗ ಯಾಕ ಆಗವಲ್ದು? ಇದ ನಿಮ್ಮ ಪಲಂಗ ಅಂತ ತಿಳೀರಿ. ಅಡಗಿಮನಿ ಎತ್ತಾಗ ಅದ? ಬಚ್ಚಲ? ನೀವ ಮಲಕ್ಕೊಂಡ್ರ ನಿಮ್ಮ ಎದುರಿಗೆ ಏನ ಕಾಣಸ್ತದ?"

ಅತ್ತೆಯ ಉತ್ತರ ಕೇಳಿಸಲಿಲ್ಲ. ದನಿ ಬಹಳ ಸಣ್ಣದಾಗಿತ್ತು. ನಾನು ಕುರ್ಚಿಯಲ್ಲಿ ಮುಂದಕ್ಕೆ ಸರಿದೆ. ನೀರಿನ ಬಾಟಲಿ ಉರುಳಿತು. ಅದನ್ನು ಎತ್ತಿಡುವಷ್ಟರಲ್ಲಿ ಅತ್ತೆ, "ಆಣಿ ಮಾಡು. ಆಕಿಗೆ ಹೇಳಬ್ಯಾಡ" ಎನ್ನುವುದು ಮಾತ್ರ ಕಿವಿಗೆ ಬಿತ್ತು.

ಆಕಿ ಎಂದರೆ ನಾನು.

ಅತ್ತೆ ಒಳಗೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುವಾಗ ಅವಳು ಹೊರಗೆ ಬಂದು ನನ್ನ ಹತ್ತಿರ ನಿಂತಳು. "ಅಕ್ಕಾರ, ಪಲಂಗ ತಿರುವಿ ಹಾಕ್ರಿ. ತಲಿ ಇದ್ದ ಕಡೆ ಕಾಲ ಬರೂಹಂಗ. ದಿಂಬಿನ ಮಾತ ಬಿಟ್ಟಬಿಡ್ರಿ."

"ಯಾಕ?"

"ಸುಮ್ಮ ಮಾಡಿ ನೋಡ್ರಿ."

"ಅವರು ನಿಮಗೆ ಏನೋ ಹೇಳಿದಾರೆ. ನಾನು ಅವರ ಸೊಸೆ. ಮನೆಯಲ್ಲಿ ನೋಡಿಕೊಳ್ಳುವವಳು ನಾನು." ಸಿಟ್ಟು ಬಂದಾಗ ನನ್ನ ಕನ್ನಡ ಪುಸ್ತಕದ್ದಾಗುತ್ತದೆ.

"ಖರೇ ಅದರಿ. ಆದ್ರ ಪೇಶಂಟ್ ಹೇಳಿದ ಮಾತ ಪೇಶಂಟ್‌ದ" ಎಂದಳು. ಒರಟಾಗಿ ಹೇಳಲಿಲ್ಲ. ಒರಟಾಗಿ ಹೇಳಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಮನೆಗೆ ಬಂದು ನಾನು ಪಲಂಗ ತಿರುಗಿಸಲಿಲ್ಲ. ಮೊದಲ ದಿನ ಅಂಗಡಿಯ ಆಳು ಬರಲಿಲ್ಲ ಎಂದುಕೊಂಡೆ, ಎರಡನೆಯ ದಿನ ಮನೆಗೆ ಬೀಗರು ಬಂದಿದ್ದರು ಎಂದುಕೊಂಡೆ. ನಿಜವೆಂದರೆ ಆ ಪಲಂಗ ಅಲ್ಲಿ ಇಡಿಸಿದವಳು ನಾನು. ಪಡಸಾಲೆಯನ್ನು ಟೇಪು ಹಿಡಿದು ಅಳೆದು, ಬಚ್ಚಲಿಗೆ ಹತ್ತಿರವಾಗುವಂತೆ, ಆಪರೇಷನ್ನಿನ ಕಾಲು ಗೋಡೆಯ ಕಡೆ ಬರದಂತೆ, ಕೈಗೆ ಸ್ವಿಚ್ಚು ಸಿಗುವಂತೆ ಯೋಚಿಸಿ ಇಡಿಸಿದ್ದೆ. ನೋಡಲು ಬಂದವರೆಲ್ಲ ಹೊಗಳಿದ್ದರು. ನಾಲ್ಕು ತಾಲೂಕಿನ ಬೀಗರು ಹೊಗಳಿದ ಪಲಂಗವನ್ನು ನನ್ನ ಮನೆಯನ್ನೇ ನೋಡದ ಹುಡುಗಿ ತಿರುಗಿಸು ಎಂದರೆ ತಿರುಗಿಸಬೇಕೇ? ಅತ್ತೆಯೂ ಕೇಳಲಿಲ್ಲ. ದಿಂಬು ಇಟ್ಟುಕೊಂಡು, ಕಾಲು ಮಡಚಿಕೊಂಡು, ಕಣ್ಣು ಮುಚ್ಚಿ ಮಲಗಿರುತ್ತಿದ್ದರು. ಹುಬ್ಬುಗಳ ನಡುವೆ ಒಂದು ಗೆರೆ ಬಿದ್ದಿರುತ್ತಿತ್ತು.

ರವಿವಾರ ಮುಂಜಾನೆ ಅತ್ತೆ ಸ್ನಾನಕ್ಕೆ ಹೋಗಿದ್ದರು. ಹೊರಗೆ ಪಾತ್ರೆಯವಳು ಪಾತ್ರೆ ತಿಕ್ಕುತ್ತಿದ್ದಳು. ನಾನು ಹಾಸಿಗೆಯ ಚಾದರ ಬದಲಿಸಲು ಬಂದವಳು ಹಳೆಯದನ್ನು ಎಳೆದು ಹೊಸದನ್ನು ಹಾಸಿದೆ. ಏನನ್ನಿಸಿತೋ ತಿಳಿಯದು, ಬಾಗಿಲ ಕಡೆ ಒಮ್ಮೆ ನೋಡಿ ಅದರ ಮೇಲೆ ಮಲಗಿದೆ. ಅವರ ದಿಂಬಿಗೆ ತಲೆಯಿಟ್ಟು ಬಲಗಾಲು ಚಾಚಿದೆ.

ಎದುರಿಗೆ ದೇವರ ಕೋಣೆಯ ಬಾಗಿಲು ತೆರೆದಿತ್ತು. ನಾನೇ ಮುಂಜಾನೆ ಎಣ್ಣೆ ಎರೆದಿಟ್ಟ ನಂದಾದೀಪ ದೇವರ ಜಗಲಿಯ ಮೇಲೆ ಉರಿಯುತ್ತಿತ್ತು. ಅದು ಸರಿಯಾಗಿ ನನ್ನ ಪಾದದ ಹಿಂದೆ ಬಂದಿತ್ತು, ಹೆಬ್ಬೆರಳಿನ ಅಂಚಿಗೆ ಬೆಳಕು ಹತ್ತಿದಂತೆ. ನಾನು ಏನೂ ಯೋಚಿಸುವ ಮೊದಲೇ ನನ್ನ ಮೊಣಕಾಲು ತಾನಾಗಿ ಮಡಚಿಕೊಂಡಿತು.

ದೇವರ ಕಡೆ ಕಾಲು ಚಾಚಬಾರದೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇನೆಯವರಿಗೆ ಅದೆಲ್ಲ ಇಲ್ಲ ಎಂದುಕೊಂಡಿದ್ದೆನೋ, ಟೇಪು ಹಿಡಿದವಳ ಕಣ್ಣಿಗೆ ಬಚ್ಚಲು, ಸ್ವಿಚ್ಚು ಕಂಡವೇ ಹೊರತು ಬಾಗಿಲಿನಾಚೆ ಕಾಣಲಿಲ್ಲವೋ. ನಿಂತು ನೋಡಿದರೆ ಅದು ಕಾಣುವುದೂ ಇಲ್ಲ. ಮಲಗಿದವರಿಗೆ ಅದರ ಹೊರತು ಬೇರೇನೂ ಕಾಣುವುದಿಲ್ಲ. ಅತ್ತೆ ದಿನವೆಲ್ಲ ಆ ದೀಪದ ಎದುರು ಮಲಗಿ, ಡಾಕ್ಟರು ಹೇಳಿದಂತೆ ಕಾಲು ಚಾಚಲಾರದೆ, ಚಾಚದಿದ್ದರೆ ಸೂಜಿ ಎಂಬ ಹೆದರಿಕೆಯನ್ನೂ ನುಂಗಿಕೊಂಡು, ಕೇಳಿದ ನನಗೆ "ನೋವು" ಎಂದಿದ್ದರು. ಆ ನೋವಿಗೆ ನಾವು ಮಾತ್ರೆ ನುಂಗಿಸಿದೆವು.

ನನಗೆ ಯಾಕೆ ಹೇಳಲಿಲ್ಲ ಎಂಬುದೂ ಅಲ್ಲೇ ಮಲಗಿದ್ದಾಗ ಹೊಳೆಯಿತು. ಮದುವೆಯಾದ ಹೊಸತರಲ್ಲಿ ಅತ್ತೆಯ ವಾರಗಿತ್ತಿಯೊಬ್ಬರು, ಈಗ ಅವರಿಲ್ಲ, ನಾನು ಜಗಲಿಯ ಮುಂದೆ ಏನು ಮಾಡಿದರೂ, "ಸಿಸ್ಟರ್ ಸಾಲಿ ಹುಡುಗಿ, ಆಕಿಗೆ ನಮ್ಮ ದೇವರ ಗುರುತ ಹೆಂಗ ಹತ್ತಬೇಕ" ಎನ್ನುತ್ತಿದ್ದರು. ಒಂದು ದಿನ ಅತ್ತೆ ಎಲ್ಲರ ಮುಂದೆ ಅವರ ಬಾಯಿ ಮುಚ್ಚಿಸಿದರು. ಆಮೇಲೆ ಆ ಮನೆಯಲ್ಲಿ ಆ ಮಾತು ಹುಟ್ಟಲೇ ಇಲ್ಲ. ಈಗ ಪಲಂಗ ತಿರುಗಿಸು ಎಂದರೆ ಆ ಮಾತನ್ನು ಅತ್ತೆಯೇ ಆಡಿದಂತೆ.

ಇದು ತಿಳಿದ ಮೇಲೆ ನನ್ನ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ನನ್ನನ್ನು ಅಷ್ಟು ಜೋಪಾನ ಮಾಡಿದವರು ತಮ್ಮ ಹೊಟ್ಟೆಯೊಳಗಿನ ಮಾತನ್ನು ಇಳಿಸಿದ್ದು ಅವಳ ಕೈಯಲ್ಲಿ. ಅವಳು ಅಡುಗೆಮನೆ ಎತ್ತ, ಬಚ್ಚಲು ಎತ್ತ ಎಂದು ಕೇಳುತ್ತ ಕೇಳುತ್ತ ಬಾಗಿಲು ತೆರೆಸಿದಳು. ಅದೇ ಪಡಸಾಲೆಯಲ್ಲಿ ದಿನವೂ ಕಸ ಹೊಡೆದವಳು ನಾನು.

ಅಂದು ಮಧ್ಯಾಹ್ನ ಅಂಗಡಿಯಿಂದ ಇಬ್ಬರನ್ನು ಕರೆಸಿ ಪಲಂಗ ತಿರುಗಿಸಿದೆ. ಸ್ವಿಚ್ಚು ದೂರವಾಯಿತು, ಉದ್ದದ ವೈರು ಎಳೆಸಿದೆ. ಬಚ್ಚಲಿಗೆ ಹೋಗಲು ಪಲಂಗ ಸುತ್ತಿ ಬರಬೇಕಾಯಿತು, ದಾರಿಯಲ್ಲಿದ್ದ ಟೀಪಾಯಿಯನ್ನು ಅಟ್ಟಕ್ಕೇರಿಸಿದೆ. ಅತ್ತೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು.

"ಯಾಕ ಬಾಳಾ?"

"ಫ್ಯಾನಿನ ಗಾಳಿ ನಿಮ್ಮ ತಲಿ ಮ್ಯಾಲ ಬೀಳ್ತದ್ರಿ. ಅದಕ್ಕ ರಾತ್ರಿ ಕೆಮ್ಮಾಕತ್ತೀರಿ."

"ಹೌದ?" ಎಂದರು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನಾನು ದಿಂಬಿನ ಗವಸಣಿಗೆ ಬದಲಿಸುತ್ತಿದ್ದೆ.

ಸಂಜೆ ನಾನು ಅಡುಗೆಮನೆಯಲ್ಲಿ ಬೇಳೆಗೆ ಒಗ್ಗರಣೆ ಹಾಕುತ್ತಿದ್ದಾಗ ಅತ್ತೆ ಫೋನು ಹಚ್ಚಿದರು. ಫೋನನ್ನು ಕಿವಿಗೆ ಹಿಡಿಯುವ ರೂಢಿ ಅವರಿಗಿಲ್ಲ, ಸ್ಪೀಕರ್ ಹಾಕಿ ಎದೆಯ ಮೇಲೆ ಇಟ್ಟುಕೊಳ್ಳುತ್ತಾರೆ.

"ಏ ಹುಡುಗಿ, ಹೇಳಿದ್ಯಾ ಏನ ಆಕಿಗೆ?"

"ಪಲಂಗ ತಿರುವ್ರಿ ಅಂದಿದ್ದೆರಿ ಆಯಿ. ಯಾಕಂತ ಹೇಳಿಲ್ಲ. ನಿಮ್ಮಾಣಿ."

"ಫ್ಯಾನಿನ ಗಾಳಿಗೆ ತಿರುವೀನಿ ಅಂದ್ಲು. ಹಂಗಾರ ಆಕಿಗೆ ತಿಳಿದಿಲ್ಲ. ಛಲೋ ಆತು. ಎಲ್ಲಾ ತಾನ ಮಾಡ್ತಾಳ ನೋಡು, ಒಂದ ತಪ್ಪ ತಗದ್ರ ಬಾಯಿ ಬಿಟ್ಟ ಏನೂ ಅನ್ನಂಗಿಲ್ಲ. ನಕ್ಕೋತ ಹೋಗಿ ಒಳಗ ಅಳ್ತಾಳ. ಬಂದ ದಿನದಿಂದ ಹಂಗ ಆಕಿ. ಅದಕ್ಕ ನಾ ಏನೂ ಅನ್ನಂಗಿಲ್ಲ."

"ಕಾಲ ಸೀದಾ ಆತೇನ್ರಿ?"

"ಚಾಚೀನಿ ನೋಡು ಈಗ. ಕುಂದರ್ತದ ಹಾಸಿಗಿಗೆ."

ಸಾಸಿವೆ ಕರಕಾಯಿತು. ಒಲೆ ಆರಿಸಿ ಅಲ್ಲೇ ನಿಂತೆ. ನಾನು ನಗುತ್ತ ಹೋಗಿ ಒಳಗೆ ಅಳುವುದು ಅತ್ತೆಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಯಾರಿಗೂ ತಿಳಿಯದಂತೆ ನಾನು ಕಾಪಾಡಿಕೊಂಡಿದ್ದೇನೆ ಎಂದುಕೊಂಡದ್ದನ್ನು ಅವರು ನೋಡುತ್ತಲೇ ಇದ್ದರು. ಅದನ್ನೂ ನನಗೆ ಹೇಳಲಿಲ್ಲ. ನನ್ನ ಸಂಗತಿಯನ್ನೂ ಹೇಳಿಕೊಂಡದ್ದು ಅವಳಿಗೇ. ಕರಕಾದ ಒಗ್ಗರಣೆ ಚೆಲ್ಲಿ ಹೊಸದು ಹಾಕಿದೆ.

ಕಾಲು ನಿಧಾನವಾಗಿ ಸೀದಾ ಆಯಿತು. ದಿಂಬು ತಾನಾಗಿಯೇ ಅಲಮಾರಿ ಸೇರಿತು. ತಪಾಸಣೆಯ ದಿನ ಡಾಕ್ಟರು ಅತ್ತೆಯನ್ನು ಮಲಗಿಸಿ, ಹಿಮ್ಮಡಿ ಹಿಡಿದೆತ್ತಿ, ಮೊಣಕಾಲಿನ ಹಿಂದೆ ಕೈ ಹಾಕ ಹೋದರು. ಕೈಗೆ ಸಂದು ಸಿಗಲಿಲ್ಲ. ಬೇಹೋಶಿಯ ಮಾತು ಇನ್ನು ಬೇಡ ಎಂದರು. ಇದು ಹೇಗಾಯಿತು ಎಂದು ನನ್ನ ಕಡೆ ತಿರುಗಿ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಲಗಿದಲ್ಲಿಂದಲೇ, "ಅಕ್ಕಲಕೋಟದ ಹುಡುಗಿ ಮಾಡ್ಯಾಳಂತ ಹೇಳು. ಆಕಿ ಕೈಗುಣ ಛಲೋ ಅದ ಅಂತ ಹೇಳು" ಎಂದರು.

ಡಾಕ್ಟರಿಗೆ ಕನ್ನಡ ಬರುವುದಿಲ್ಲ. ಅತ್ತೆ ಮನಸ್ಸು ಮಾಡಿದ್ದರೆ ಮರಾಠಿಯಲ್ಲಿ ತಾವೇ ಹೇಳಬಹುದಿತ್ತು, ಹೇಳಲಿಲ್ಲ. ನಾನು ಒಂದು ಮಾತನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಕೈಗುಣ ಎನ್ನುವುದಕ್ಕೆ ಸರಿಯಾದ ಮಾತು ಸಿಗದೆ ಎರಡು ಸಲ ಬೇರೆ ಬೇರೆಯಾಗಿ ಹೇಳಬೇಕಾಯಿತು. ಡಾಕ್ಟರು ನಕ್ಕು, ಅವಳು ನಮ್ಮಲ್ಲಿದ್ದಾಗಲೂ ಹಾಗೇ ಇದ್ದಳು, ಆದರೆ ಮನೆಯಲ್ಲಿ ನಿಮ್ಮಂಥವರು ಇಲ್ಲದಿದ್ದರೆ ಅವಳೊಬ್ಬಳಿಂದ ಆಗುತ್ತಿರಲಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ಏನಂದ್ರ?" ಎಂದರು ಅತ್ತೆ.

"ಕಾಲ ಛಲೋ ಆಗ್ಯಾದ ಅಂದ್ರು" ಎಂದೆ.

ಕಾರಿನಲ್ಲಿ ಬರುವಾಗ ಅತ್ತೆ ಖುಷಿಯಾಗಿದ್ದರು. ಹಿಂದಿನ ಸೀಟಿನಲ್ಲಿ ಕಾಲು ಉದ್ದಕ್ಕೆ ಚಾಚಿ ಕೂತಿದ್ದರು. ಸ್ವಲ್ಪ ದೂರ ಬಂದ ಮೇಲೆ ಅವರ ದನಿ ಮೆತ್ತಗಾಯಿತು.

"ಬಾಳಾ, ಈ ಎಡಗಡಿ ಭುಜಾ ಯಾಕೋ ಹಿಡಕೊಂಡಂಗ ಆಗ್ತದ. ಗುರುವಾರ ಒಮ್ಮಿ ಆಕಿಗೆ ತೋರಿಸೂಣೇನ?"

ಅದೇ ಮುಂಜಾನೆ ಅವರು ಎಡಗೈಯಿಂದಲೇ ಮೇಲಿನ ತಂತಿಯ ಮೇಲೆ ಒದ್ದೆ ಸೀರೆ ಎಸೆದು ಹರವಿದ್ದನ್ನು ನಾನು ಕಂಡಿದ್ದೆ. ಆದರೂ ಕೇಳಿದೆ. ಇನ್ನು ಮುಂದೆ ನಾನೂ ಕೇಳಬೇಕೆಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ.

"ಎಲ್ಲಿ ನೋಯ್ತದ್ರಿ ಅತ್ತಿ? ಕೈ ಎತ್ತಿದ್ರೋ, ಸುಮ್ಮ ಇದ್ದಾಗೋ? ಯಾವಾಗಿಂದ?"

ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಹೇಳಬೇಕೋ ಬೇಡವೋ ಎಂಬಂತೆ ಒಮ್ಮೆ ಭುಜ ಮುಟ್ಟಿಕೊಂಡರು. ಆಮೇಲೆ ಬಹಳ ಪ್ರೀತಿಯಿಂದ, "ನೀ ಗಾಡಿ ನೋಡಿ ಹೊಡಿ ಬಾಳಾ. ನಿನಗ್ಯಾಕ ಆ ತ್ರಾಸ. ಆಕಿಗೆ ಹೇಳ್ತೀನಿ" ಎಂದರು.

ಸಿಗ್ನಲ್ ಬಿತ್ತು. ನನ್ನ ಮುಂದೆ ಟವೆಲ್ಲಿನ ಗಂಟು ಹೇರಿದ ಟೆಂಪೊ ನಿಂತಿತ್ತು. ಅದು ಮುಂದೆ ಸರಿದ ಮೇಲೆ, ಗುರುವಾರ ಎಷ್ಟೊತ್ತಿಗೆ ಹೊರಡೋಣ ಎಂದು ಕೇಳಿದೆ.